ರುದ್ರಾಣಕ್ಕನ ನಾನೂರು ಮಾತು

ಮೊದಲು ಮೈಕಿನ ಪಿನ್ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ನನ್ನನ್ನು ಕರೆಯಿರಿ ಅಂತ ಈ ಊರಿನವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಕೇಳಿದರೆ ತಾನೆ? ಹೊಸ ಮೈಕು ಮೇಜಿನ ಮೇಲೆ ಠೀವಿಯಿಂದ ಕೂತಿರುತ್ತದೆ, ಸಾಫ್ಟ್‌ವೇರು ಮಾತ್ರ ಲ್ಯಾಪ್‌ಟಾಪಿನೊಳಗಿನ ಚೋಟುದ್ದದ ಮೈಕಿನಿಂದ ಕೇಳಿಸಿಕೊಳ್ಳುತ್ತಿರುತ್ತದೆ. ತಲೆಯ ಮೇಲೆ ಫ್ಯಾನು, ಪಕ್ಕದಲ್ಲಿ ಫ್ರಿಜ್ಜು, ಅದೇ ಸಾಕೆಟ್ಟಿಗೆ ಮೂರು ಮೊಬೈಲ್ ಚಾರ್ಜರು. ಎಲ್ಲ ಮುಗಿದ ಮೇಲೆ, ಏನೋ ಗುಂಯ್ ಅಂತಿದೆ, ನೀವು ಕೊಟ್ಟ ಕೇಬಲ್ಲೇ ಸರಿಯಿಲ್ಲ ಅಂತ ನನ್ನ ಮೇಲೆ ಗೂಬೆ ಕೂರಿಸುತ್ತಾರೆ. ಹನ್ನೊಂದು ವರ್ಷದಿಂದ ಮನೆ ಮನೆಗೆ ಹೋಗಿ ರೆಕಾರ್ಡಿಂಗ್ ರಿಪೇರಿ ಮಾಡುತ್ತಿದ್ದೇನೆ. ನನಗೆ ಸಿಟ್ಟು ಜಾಸ್ತಿ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತದೆ. ಹೌದು, ಜಾಸ್ತಿ. ಈ ಕೆಲಸ ಒಂದು ತಿಂಗಳು ಮಾಡಿ ನೋಡಿ, ನಿಮಗೂ ಬರುತ್ತದೆ.

ಅದೂ ಇವರು ನನ್ನ ಹತ್ತಿರ ಬರುವುದು ಯಾವಾಗ? ಐವತ್ತೆರಡು ವರ್ಷ ತುಂಬುವುದಕ್ಕೆ ಮೂರೇ ದಿನ ಇರುವಾಗ. ನಮ್ಮೂರಿನಲ್ಲಿ ಐವತ್ತೆರಡು ತುಂಬಿದ ಬೆಳಿಗ್ಗೆ ದನಿ ಹೋಗುತ್ತದೆ. ಗಂಡಸಾಗಲಿ ಹೆಂಗಸಾಗಲಿ, ಮೇಷ್ಟ್ರಾಗಲಿ ಕಳ್ಳನಾಗಲಿ, ಎಲ್ಲರಿಗೂ ಅಷ್ಟೆ. ಕೂದಲು ನೆರೆತರೆ ಯಾರಾದರೂ ಎದೆ ಬಡಿದುಕೊಳ್ಳುತ್ತಾರೆಯೇ? ಇದಕ್ಕೂ ಬಡಿದುಕೊಳ್ಳುವುದಿಲ್ಲ. ಅಷ್ಟರೊಳಗೆ ಮುಂದಕ್ಕೆ ಬೇಕಾಗುವ ನಾನೂರು ಮಾತನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ದನಿ ಕಚೇರಿಗೆ ಕೊಡಬೇಕು. ಅವರು ಅದನ್ನು ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗೆ ತುಂಬಿ, ಮೊಹರು ಹಾಕಿ, ಕೊರಳಿಗೆ ಹಾಕಿಕೊಳ್ಳಲು ದಾರ ಕಟ್ಟಿ ಕೊಡುತ್ತಾರೆ. ಚಕ್ರ ತಿರುಗಿಸಿ ಅಂಕಿ ಹಿಡಿದು ಗುಂಡಿ ಒತ್ತಿದರೆ ನಿಮ್ಮ ದನಿಯಲ್ಲೇ ಮಾತು ಬರುತ್ತದೆ. ಮೊಹರು ಬಿದ್ದ ಮೇಲೆ ಒಂದಕ್ಷರವೂ ಬದಲಾಗುವುದಿಲ್ಲ. ಚೀಟಿ ಬರೆದು ತೋರಿಸಬಹುದಲ್ಲ ಎನ್ನಬೇಡಿ. ಚೀಟಿ ಓದುವುದು ನಮ್ಮೂರಿನವರಿಗೆ ಮರ್ಯಾದೆಗೆ ಕಡಿಮೆ. ಒಂದು ವಿಷಯವನ್ನು ಇಬ್ಬರು ಸಾಕ್ಷಿಗಳ ಮುಂದೆ ಮೂರು ಸಲ ಕೇಳಬೇಕು, ಉತ್ತರ ಕಿವಿಗೆ ಬೀಳಬೇಕು. ಬೀಳದಿದ್ದರೆ ಒಪ್ಪಿಕೊಂಡ ಹಾಗೆಯೇ. ತಲೆ ಎಷ್ಟು ಅಲ್ಲಾಡಿಸಿದರೂ ಲೆಕ್ಕಕ್ಕಿಲ್ಲ.

ಇನ್ನೊಂದು ಪದ್ಧತಿ ಇದೆ, ನನ್ನ ಅರ್ಧ ಸಿಟ್ಟಿಗೆ ಅದೇ ಕಾರಣ. ರೆಕಾರ್ಡಿಗೆ ಕೂತಾಗಲೆಲ್ಲ ಮನೆಯ ಹಿರಿಯರು ‘ಯಾರು ಮಾತಾಡೋದು?’ ಎಂದು ಗಟ್ಟಿಯಾಗಿ ಕೇಳಬೇಕು, ಕೂತವರು ತಕ್ಷಣ ‘ನಾನು’ ಎಂದು ತಮ್ಮ ಹೆಸರು ಹೇಳಬೇಕು. ಆ ಕರೆ ಇಲ್ಲದ ರೆಕಾರ್ಡನ್ನು ಕಚೇರಿಯವರು ಮುಟ್ಟುವುದಿಲ್ಲ. ಸರಿ, ಕರೆಯಲಿ. ಆದರೆ ಕರೆಗೆ ಮೊದಲು ಎರಡು ಸೆಕೆಂಡ್ ಸುಮ್ಮನಿರಿ ಎಂದರೆ ಸುಮ್ಮನಿರುವುದಿಲ್ಲ. ಮೌನದಿಂದ ಶುರು ಮಾಡಿದರೆ ದನಿ ಅವಧಿಗೆ ಮುಂಚೆಯೇ ಹೊರಟುಹೋಗುತ್ತದಂತೆ. ಗುಂಡಿ ಒತ್ತುವ ಮೊದಲೇ ಕೂಗಲು ಶುರು ಮಾಡಿಬಿಡುತ್ತಾರೆ. ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಒಂದು ಆಯ್ಕೆ ಇದೆ. ಯಾರೂ ಮಾತಾಡದ ಎರಡು ಸೆಕೆಂಡನ್ನು ಅದಕ್ಕೆ ತೋರಿಸಬೇಕು. ಅಲ್ಲಿ ಏನು ಕೇಳಿಸುತ್ತದೋ ಅದನ್ನು ಕಸ ಎಂದುಕೊಂಡು ಉಳಿದ ಕಡೆಯಿಂದಲೂ ಗುಡಿಸಿಹಾಕುತ್ತದೆ. ಮೊದಲ ಎರಡು ಸೆಕೆಂಡ್ ಆರಿಸಿ ಎಂದು ಪುಸ್ತಕದಲ್ಲಿ ಬರೆದಿದೆ ಅಂತ ನಮ್ಮವರು ಅದನ್ನೇ ಆರಿಸುತ್ತಾರೆ. ಅಲ್ಲಿರುವುದು ಅವರದೇ ದನಿ ಎನ್ನುವುದು ಒಬ್ಬರಿಗೂ ಹೊಳೆಯುವುದಿಲ್ಲ.

ಆ ಗುರುವಾರ ಬೆಳಿಗ್ಗೆ ರುದ್ರಾಣಕ್ಕ ಬಂದಾಗ ಅವಳ ಕೈಯಲ್ಲಿ ತರಕಾರಿ ಚೀಲ, ಚೀಲದೊಳಗೆ ಲ್ಯಾಪ್‌ಟಾಪು ಇತ್ತು. ಭಾನುವಾರ ಅವಳಿಗೆ ಐವತ್ತೆರಡು ತುಂಬುವುದಿತ್ತು. ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಇಡ್ಲಿ ಹಾಕಿ ಬದುಕು ಕಟ್ಟಿಕೊಂಡವಳು. ಅವಳು ಒಳಗೆ ಚಟ್ನಿ ಮುಗೀತು ಎಂದರೆ ಎರಡು ಬೀದಿ ಆಚೆ ಕೇಳಿಸುತ್ತಿತ್ತು. ಕೂರು ಎಂದರೂ ಕೂರಲಿಲ್ಲ. ಲ್ಯಾಪ್‌ಟಾಪು ತೆರೆದು ಒಂದು ಗುಂಡಿ ಒತ್ತಿದಳು. ನೀರಿನೊಳಗೆ ಮುಳುಗಿ ಯಾರೋ ಬುಳುಬುಳು ಅಂದಂತೆ ಕೇಳಿಸಿತು. ಇನ್ನೊಂದು ಒತ್ತಿದಳು. ಅದೂ ಹಾಗೆಯೇ.

“ಇದು ನಾನಾ, ಮಂಗಳ?” ಎಂದು ಕೇಳಿದಳು. “ಸಾಯೋತನಕ ನಾನು ಹಿಂಗೆ ಮಾತಾಡ್ಬೇಕಾ?”

ರೆಕಾರ್ಡ್ ಮಾಡಿದ್ದು ಯಾರು ಎಂದು ಕೇಳಿದೆ. ಮೈದುನ ಪರಮೇಶಿ ಎಂದಳು. ನನಗೆ ಆಗಲೇ ಪಿತ್ತ ನೆತ್ತಿಗೇರಿತು. ಪರಮೇಶಿ ಅದೇ ಮನೆಯ ಹಿಂದಿನ ಭಾಗದಲ್ಲಿರುವವನು. ನಲವತ್ತೇಳು ವರ್ಷ, ಇಲ್ಲಿಯವರೆಗೆ ಹಿಡಿದ ಒಂದು ಕೆಲಸವನ್ನೂ ಮುಗಿಸಿದವನಲ್ಲ. ಕಳೆದ ವರ್ಷ ಎಲ್ಲಿಂದಲೋ ಒಂದು ಸಾಫ್ಟ್‌ವೇರು ತಂದುಕೊಂಡು, ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿಕೊಂಡು, ತಾನೂ ದನಿ ಪಂಡಿತ ಎಂದು ಹೇಳಿಕೊಳ್ಳುತ್ತಿದ್ದ. ಆರು ವಾರ ಅತ್ತಿಗೆಯನ್ನು ಕೂರಿಸಿಕೊಂಡು ನಾನೂರು ಮಾತು ರೆಕಾರ್ಡ್ ಮಾಡಿದ್ದಾನೆ. ಹಿಂದಿನ ರಾತ್ರಿ ಆ ಗದ್ದಲ ತೆಗೆಯುವ ಆಯ್ಕೆ ಹಾಕಿ ಎಲ್ಲವನ್ನೂ ಒಟ್ಟಿಗೆ ತೊಳೆದಿದ್ದಾನೆ. ಮೊದಲ ಎರಡು ಸೆಕೆಂಡ್ ಹಾಕಿ ಕೇಳಿದೆ. ನಾನಂದುಕೊಂಡಂತೆಯೇ ‘ನಾನು, ರುದ್ರಾಣಿ’ ಎಂಬುದರ ಬಾಲ ಅಲ್ಲಿತ್ತು. ಆ ದನಿಯನ್ನೇ ಕಸ ಎಂದು ತೋರಿಸಿ ನಾನೂರು ಮಾತಿನಿಂದಲೂ ಅದನ್ನು ಗುಡಿಸಿ ಎಸೆದಿದ್ದ.

ತೊಳೆಯುವ ಮೊದಲಿನ ಮೂಲ ರೆಕಾರ್ಡು ಇದ್ದರೆ ಅರ್ಧ ಗಂಟೆಯ ಕೆಲಸ. ಅಕ್ಕನ ಮನೆಗೆ ಹೋದೆ. ಪರಮೇಶಿ ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಮೂಲ ಎಲ್ಲಿ ಎಂದರೆ, ಅದರ ಮೇಲೆಯೇ ಸೇವ್ ಮಾಡಿದೆ ಎಂದ. ಹಿಂದಕ್ಕೆ ಹೋಗುವ ಆಯ್ಕೆ ಇತ್ತಲ್ಲ ಎಂದರೆ, ಸಾಫ್ಟ್‌ವೇರು ಮುಚ್ಚಿ ತೆರೆದೆ, ಅದು ಹೋಯಿತು ಎಂದ. ಸಾಫ್ಟ್‌ವೇರು ತಾನಾಗಿ ಉಳಿಸಿಕೊಳ್ಳುವ ಒಂದು ಫೋಲ್ಡರ್ ಇರುತ್ತದೆ, ಅದನ್ನಾದರೂ ಬಿಟ್ಟಿದ್ದೀಯಾ ಎಂದೆ. ಜಾಗ ಸಾಲದೆ ಅಳಿಸಿದೆ ಎಂದ. ಅದೇ ಡಿಸ್ಕಿನಲ್ಲಿ ನೂರಹತ್ತು ಸಿನಿಮಾ ಇದ್ದವು. ಒಂದನ್ನೂ ಅಳಿಸಿರಲಿಲ್ಲ. ನನ್ನ ಬಾಯಿಂದ ಏನು ಬಂತೋ ಅದನ್ನು ಇಲ್ಲಿ ಬರೆಯುವುದಿಲ್ಲ. ಅವನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಿತ್ತಲಿಗೆ ಹೋದಳು.

ಇಲ್ಲಿಗೆ ಮುಗಿದಿದ್ದರೆ ಬರೀ ದಡ್ಡತನ ಎಂದು ಬಿಡುತ್ತಿದ್ದೆ. ಎಷ್ಟು ಹಾಳಾಗಿದೆ ನೋಡೋಣ ಎಂದು ಒಂದೊಂದೇ ಕೇಳುತ್ತಾ ಹೋದೆ. ಹದಿನೇಳನೆಯದರ ಮೇಲೆ ಅಕ್ಕ ನನ್ನ ಕೈ ಹಿಡಿದಳು. ಹದಿನೇಳಕ್ಕೆ ತಾನು ‘ಆಗಲ್ಲ’ ಎಂದು ಹೇಳಿದ್ದೆ, ಇದು ಬೇರೆ ಏನೋ ಎಂದಳು. ಮತ್ತೆ ಕೇಳಿದೆವು. ಬುಳುಬುಳುವಿನ ಒಳಗೆ ‘ಕಾಫಿ ಬಿಸಿ ಇದೆ’ ಎಂದು ಗೊತ್ತಾಗುತ್ತಿತ್ತು. ನಲವತ್ತಮೂರರಲ್ಲಿ ‘ಬೇಡ’ ಇರಬೇಕಿತ್ತು, ಅಲ್ಲಿ ‘ಹೂಂ’ ಇತ್ತು. ಎಂಬತ್ತೆಂಟರ ‘ಇದು ನನ್ನದು’ ಹೋಗಿ ‘ನೀವು ಹೇಳಿದ ಹಾಗೆ’ ಬಂದಿತ್ತು. ಒಟ್ಟು ಮೂವತ್ತೊಂದು ಕಡೆ ಹೀಗೆ ಮಾಡಿದ್ದ. ಬೇಡ, ಇಲ್ಲ, ಆಗಲ್ಲ, ಬಿಡಲ್ಲ, ಹೋಗಾಚೆ, ಎಲ್ಲವನ್ನೂ ಕತ್ತರಿಸಿ, ಬೇರೆ ಬೇರೆ ದಿನದ ಹೂಂಗಳನ್ನು ತಂದು ಆ ಜಾಗಕ್ಕೆ ಅಂಟಿಸಿದ್ದ. ಅಂಟಿಸಿದ ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು, ಅದು ನನ್ನನ್ನು ಇನ್ನೂ ಉರಿಸಿತು.

ಯಾಕೆ ಹೀಗೆ ಮಾಡಿದೆ ಎಂದು ಅಕ್ಕ ಮೆಲ್ಲಗೆ ಕೇಳಿದಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಪರಮೇಶಿ ಲೋಟ ಕೆಳಗಿಟ್ಟ.

“ಜಗಳದ ಮಾತೆಲ್ಲ ಯಾಕೆ ಅತ್ತಿಗೆ? ವಯಸ್ಸಾದ ಮೇಲೆ ನೆಮ್ಮದಿಯಾಗಿರಿ ಅಂತ ತೆಗೆದೆ. ಹೆಂಗೂ ಸೋಮವಾರ ಮುಂದಿನ ಕೋಣೆ ವಿಷಯ ಕೇಳಬೇಕಿತ್ತು, ಸುಮ್ನೆ ರಾದ್ಧಾಂತ ಬೇಡ ಅಂತ.”

ಮುಂದಿನ ಕೋಣೆ ಎಂದರೆ ಇಡ್ಲಿಯ ಕೋಣೆ. ಅಕ್ಕಿ ಮೂಟೆಗಳು, ಗೋಣಿಚೀಲಗಳು ತುಂಬಿರುವುದರಿಂದ ಅಲ್ಲಿ ಸದ್ದು ಮಾರ್ದನಿಸುವುದಿಲ್ಲ, ತನ್ನ ರೆಕಾರ್ಡಿಂಗ್ ಅಂಗಡಿಗೆ ಹೇಳಿಮಾಡಿಸಿದ ಜಾಗ ಎಂದು ಅವನಿಗೆ ಅದರ ಮೇಲೆ ಮನಸ್ಸಾಗಿತ್ತು. ಸೋಮವಾರ ಇಬ್ಬರು ಸಾಕ್ಷಿಗಳನ್ನು ಕರೆತಂದು ಮೂರು ಸಲ ಕೇಳುತ್ತಾನೆ. ಅಕ್ಕನ ಪೆಟ್ಟಿಗೆಯಲ್ಲಿ ‘ಆಗಲ್ಲ’ ಇರುವುದಿಲ್ಲ. ಹದಿನೆಂಟು ವರ್ಷದ ಒಲೆ ಮಧ್ಯಾಹ್ನದೊಳಗೆ ಬೀದಿಗೆ ಬೀಳುತ್ತದೆ. ಅವನು ಎರಡು ಸೆಕೆಂಡಿನ ಆ ತಪ್ಪು ಮಾಡದೇ ಇದ್ದಿದ್ದರೆ ದನಿ ಚೆನ್ನಾಗಿಯೇ ಇರುತ್ತಿತ್ತು, ಅಕ್ಕ ನನ್ನ ಹತ್ತಿರ ಬರುತ್ತಲೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಮೇಲೂ ನನಗೆ ಸಿಟ್ಟು ಬಂತು, ಅದನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದಲ್ಲಿ ನಾನು ಸದ್ದು ಸರಿ ಮಾಡಿದ್ದೇನೆಯೇ ಹೊರತು ಒಬ್ಬರ ಪಟ್ಟಿಯನ್ನೂ ಓದಿರಲಿಲ್ಲ. ಪಟ್ಟಿ ನೋಡುವುದು ನನ್ನ ಕೆಲಸವಲ್ಲ ಎನ್ನುತ್ತಿದ್ದೆ. ನಮ್ಮ ಬೀದಿಯ ಯಶೋದಮ್ಮನವರ ಪೆಟ್ಟಿಗೆ ನಾನೇ ಸರಿ ಮಾಡಿಕೊಟ್ಟದ್ದು. ಗುಂಯ್ ತೆಗೆದು, ಉಸಿರು ಹದ ಮಾಡಿ, ಎಷ್ಟು ಸ್ಪಷ್ಟವಾಗಿದೆ ನೋಡಿ ಎಂದು ಅವರ ಮಗನ ಮುಂದೆ ಹೆಮ್ಮೆ ಪಟ್ಟಿದ್ದೆ. ಈಗ ಮಗ ಏನು ಕೇಳಿದರೂ ಅವರ ಕೊರಳಿನಿಂದ ‘ಹೂಂ ಕಣಪ್ಪ’ ಎಂದು ಅಷ್ಟೇ ಸ್ಪಷ್ಟವಾಗಿ ಬರುತ್ತದೆ. ನಾಲ್ಕು ವರ್ಷದಿಂದ ಅದನ್ನು ತರಕಾರಿ ಅಂಗಡಿಯಲ್ಲಿ ಕೇಳುತ್ತಿದ್ದೇನೆ. ಪಟ್ಟಿಯಲ್ಲಿ ಬೇರೇನಾದರೂ ಇತ್ತೇ ಎಂದು ಒಂದು ದಿನವೂ ಕೇಳಿಕೊಂಡವಳಲ್ಲ ನಾನು.

ಕಚೇರಿ ತೆಗೆದುಕೊಳ್ಳುವುದು ಶನಿವಾರ ಒಂದು ಗಂಟೆಯವರೆಗೆ. ಶುಕ್ರವಾರ ಅಕ್ಕ ಒಲೆ ಹಚ್ಚಲಿಲ್ಲ. ನನ್ನ ಲ್ಯಾಪ್‌ಟಾಪು, ನನ್ನ ಮೈಕು, ನನ್ನ ಕೇಬಲ್ಲು ತೆಗೆದುಕೊಂಡು ಬೆಳಿಗ್ಗೆ ಎಂಟಕ್ಕೇ ಇಡ್ಲಿ ಕೋಣೆಯಲ್ಲಿ ಕೂತೆ. ಎಲ್ಲ ಸಜ್ಜಾದ ಮೇಲೆ ಕರೆ ಕೂಗು ಬಾ ಎಂದು ಪರಮೇಶಿಯನ್ನು ಕರೆದರೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

“ನನ್ನ ಪಟ್ಟಿ ಓದೋದಾದ್ರೆ ಕರೀತೀನಿ. ಇಲ್ಲಾಂದ್ರೆ ಇಲ್ಲ,” ಎಂದ.

ಕರೆ ಇಲ್ಲದಿದ್ದರೆ ಕಚೇರಿ ಮುಟ್ಟುವುದಿಲ್ಲ ಎಂದು ಅವನಿಗೂ ಗೊತ್ತು. ನಾನು ಎದ್ದು ನಿಂತೆ. ಕೈಯಲ್ಲಿ ಮೈಕಿನ ಕಬ್ಬಿಣದ ಸ್ಟ್ಯಾಂಡ್ ಇತ್ತು, ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಕ್ಕ ನನ್ನನ್ನು ತಡೆದಳು. ತಡೆದು, ಮನೆಯ ಹಿರಿಯರು ಇವನಲ್ಲ, ಒಳಗೆ ನಮ್ಮತ್ತೆ ಇದ್ದಾರಲ್ಲ ಎಂದಳು.

ಅತ್ತೆ ಎಂದರೆ ಪರಮೇಶಿಯ ತಾಯಿ ನಂಜಜ್ಜಿ. ಎಪ್ಪತ್ತೊಂಬತ್ತು ವರ್ಷ. ಮನೆ ಅವರ ಹೆಸರಿನಲ್ಲೇ ಇದೆ. ಅವರ ಪೆಟ್ಟಿಗೆ ಹಳೆಯ ಕಾಲದ್ದು, ಆಗೆಲ್ಲ ಐವತ್ತೇ ಮಾತು, ಆ ಐವತ್ತನ್ನೂ ಅಜ್ಜಿಯ ಗಂಡ ಕೂತು ಬರೆಸಿದ್ದು. ನಾಲ್ಕು ವರ್ಷದಿಂದ ಅದೂ ಕೆಟ್ಟು ಕೂತಿತ್ತು. ಸರಿ ಮಾಡಿಸೋಣ ಎಂದು ಅಕ್ಕ ಹೇಳಿದಾಗಲೆಲ್ಲ, ಈ ವಯಸ್ಸಿನಲ್ಲಿ ಅಮ್ಮ ಯಾರ ಜೊತೆ ಮಾತಾಡಬೇಕು ಎಂದು ಪರಮೇಶಿ ತಳ್ಳಿಹಾಕುತ್ತಾ ಬಂದಿದ್ದ. ಅಜ್ಜಿಯೇ ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. ಹಿಂದಿನ ಮುಚ್ಚಳ ಬಿಚ್ಚಿದೆ. ಬ್ಯಾಟರಿ ಕೂರುವ ಕಡೆ ಹಸಿರು ಕಿಲುಬು ಕಟ್ಟಿತ್ತು, ಸ್ಪೀಕರಿನ ಒಂದು ತಂತಿ ಕಿತ್ತುಹೋಗಿತ್ತು. ಇಷ್ಟೇ. ಇಷ್ಟಕ್ಕೆ ನಾಲ್ಕು ವರ್ಷ ಒಂದು ಜೀವವನ್ನು ಮೂಕವಾಗಿ ಕೂರಿಸಿದ್ದರು. ನಿಂಬೆ ಹೋಳಿನಲ್ಲಿ ಕಿಲುಬು ಉಜ್ಜಿ, ಒರೆಸಿ ಒಣಗಿಸಿ, ತಂತಿಗೆ ಬೆಸುಗೆ ಹಾಕಿ, ಹೊಸ ಬ್ಯಾಟರಿ ಇಟ್ಟೆ. ಸಿಟ್ಟಿನ ಅವಸರಕ್ಕೆ ಬೆಸುಗೆ ಎರಡು ಸಲ ಜಾರಿತು. ಅಜ್ಜಿ ಗುಂಡಿ ಒತ್ತಿದರು. “ಯಾರು ಮಾತಾಡೋದು?” ಎಂದು ಐವತ್ತೆರಡು ತುಂಬದ ಹೆಂಗಸೊಬ್ಬಳ ದನಿ ಬಂತು.

“ನಾನು, ರುದ್ರಾಣಿ,” ಎಂದಳು ಅಕ್ಕ. ಅವಳಿಗೆ ಕಣ್ಣು ತುಂಬಿತ್ತು. ಕಚೇರಿಗೆ ಕರೆ ಬೇಕು ಅಷ್ಟೆ, ಅದು ಬಾಯಿಂದ ಬಂತೋ ಪೆಟ್ಟಿಗೆಯಿಂದ ಬಂತೋ ಎಂಬ ನಿಯಮ ಎಲ್ಲೂ ಇಲ್ಲ. ಪರಮೇಶಿ ಚೌಕಟ್ಟು ಬಿಟ್ಟು ಒಳಗೆ ಹೋದ.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಅಕ್ಕ ಬಾಯಿ ತೆರೆದರೆ ಮೀಟರು ಕೆಂಪಿಗೆ ಹೋಗಿ ದನಿ ಒಡೆಯುತ್ತಿತ್ತು. ಮೈಕನ್ನು ಒಂದೂವರೆ ಗೇಣು ಹಿಂದಕ್ಕಿಟ್ಟು ದನಿಯ ಮಟ್ಟ ಇಳಿಸಿದೆ. ಪ, ಬ ಅಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ದಬ್ ಎನ್ನುತ್ತಿತ್ತು. ಒಗೆದ ಕಾಲುಚೀಲವೊಂದನ್ನು ಮೈಕಿಗೆ ತೊಡಿಸಿದೆ. ಹೆಡ್‌ಫೋನಿನಲ್ಲಿ ಅವಳದೇ ದನಿ ಅರೆ ಕ್ಷಣ ತಡವಾಗಿ ಕೇಳಿಸಿ ಅವಳು ತೊದಲತೊಡಗಿದಳು. ಮಾತಾಡುವವರಿಗೆ ತಮ್ಮ ದನಿ ಮರಳಿ ಕೇಳಿಸುವ ಆಯ್ಕೆಯನ್ನು ಬಂದ್ ಮಾಡಿದ ಮೇಲೆ ತೊದಲು ನಿಂತಿತು. ನೂರು ಮಾತಾದ ಮೇಲೆ ಹಾಕಿ ಕೇಳಿದರೆ ಅಳಿಲು ಕೀಚಿದಂತೆ ಬಂತು. ಮೈಕಿನಲ್ಲಿ ಒಂದು ವೇಗ, ಸಾಫ್ಟ್‌ವೇರಿನಲ್ಲಿ ಇನ್ನೊಂದು ವೇಗ ಇಟ್ಟಿದ್ದೆ. ತಪ್ಪು ನನ್ನದೇ. ಅಕ್ಕ ಸೊಂಟಕ್ಕೆ ಕೈಯಿಟ್ಟು, ಊರಿಗೆಲ್ಲ ಬೈತೀಯಲ್ಲ, ನಿನಗೆ ಯಾರು ಬೈಬೇಕು ಎಂದು ಕೇಳಿದಳು. ಎರಡನ್ನೂ ಒಂದೇ ಮಾಡಿ ನೂರನ್ನೂ ಮತ್ತೆ ಹೇಳಿಸಿದೆ. ಫ್ಯಾನು, ಫ್ರಿಜ್ಜು ಎರಡನ್ನೂ ಆರಿಸಿದ್ದೆವು, ಆ ಸೆಕೆಗೆ ಇಬ್ಬರೂ ಬೆವರಿನಲ್ಲಿ ಮಿಂದಿದ್ದೆವು. ಗದ್ದಲ ತೆಗೆಯಲು ಬೇಕಾದ ಮೌನವನ್ನು ಕೊನೆಯಲ್ಲಿ ತೆಗೆದುಕೊಂಡೆ. ಕೊನೆಯ ಮೌನಕ್ಕೆ ನಮ್ಮೂರಿನವರ ತಕರಾರಿಲ್ಲ, ಅದು ಹೇಗೂ ಬರುವುದೇ.

ಪಟ್ಟಿ ಈ ಸಲ ಅಕ್ಕನದು. ಹದಿನೇಳಕ್ಕೆ ಬಂದಾಗ ಅವಳು ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ‘ಆಗಲ್ಲ’ ಎಂದಳು. ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಮುಂದಿನದಕ್ಕೆ ಹೋಗುವಷ್ಟರಲ್ಲಿ ನಂಜಜ್ಜಿ ಅವಳ ಸೆರಗು ಜಗ್ಗಿದರು. ಬೆರಳಿನಿಂದ ತಮ್ಮ ಎದೆಯನ್ನು ಎರಡು ಸಲ ತಟ್ಟಿಕೊಂಡರು. ಅಜ್ಜಿಗೆ ಏನು ಬೇಕು ಎಂದು ನನಗೆ ತಿಳಿಯಲಿಲ್ಲ, ಹೊತ್ತಾಗುತ್ತಿದೆ ಎಂದು ರೇಗಿದೆ. ಅಕ್ಕನಿಗೆ ತಿಳಿದಿತ್ತು. ಹದಿನೆಂಟರಲ್ಲಿ ಬರೆದಿದ್ದ ‘ಸಾಂಬಾರ್ ಹಾಕ್ಲಾ’ ಎನ್ನುವುದನ್ನು ಹೊಡೆದುಹಾಕಿ, ಅತ್ತೆಯ ಪರವಾಗಿ ಒಂದು ಮಾತು ಹೇಳಿದಳು. ಮಟ್ಟ ಸರಿಯಾಗಿತ್ತು, ಒಂದೇ ಸಲಕ್ಕೆ ಮುಗಿಯಿತು. ಆ ಅಂಕಿ ಯಾವುದು ಎಂದು ಅಜ್ಜಿಗೆ ಎರಡು ಸಲ ಹೇಳಿಕೊಟ್ಟಳು.

ಶನಿವಾರ ಹನ್ನೆರಡೂಕಾಲಿಗೆ ಕಚೇರಿಗೆ ಕೊಟ್ಟೆವು. ಕೊಡುವ ಮೊದಲು ನಾನೂರನ್ನೂ ಒಂದು ಸಲ ಕೇಳಿದೆ, ಅಕ್ಕನನ್ನೂ ಕೂರಿಸಿ ಕೇಳಿಸಿದೆ. ಹಾಗೆ ಮಾಡಿದ್ದು ನನ್ನ ಜೀವನದಲ್ಲಿ ಮೊದಲು, ಇನ್ನು ಮೇಲೆ ಯಾವ ಮನೆಗೆ ಹೋದರೂ ಮೊದಲು ಪಟ್ಟಿ ತೆಗೆಯಿರಿ ಎನ್ನುತ್ತೇನೆ, ಬೈದುಕೊಂಡರೆ ಬೈದುಕೊಳ್ಳಲಿ. ಅಂದು ಸಂಜೆಯೆಲ್ಲ ಅಕ್ಕ ಜಗಲಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಕೂಗಿ ಮಾತಾಡಿಸಿದಳು. ಭಾನುವಾರ ಬೆಳಿಗ್ಗೆ ನಾನು ಹೋದಾಗ ಬಾಯಿ ತೆರೆದು ಮುಚ್ಚಿದಳು, ಆಮೇಲೆ ನಕ್ಕಳು, ಆಮೇಲೆ ಅತ್ತಳು. ಕಚೇರಿಯವನು ಪೆಟ್ಟಿಗೆ ತಂದು ಕೊಟ್ಟು ರುಜು ಹಾಕಿಸಿಕೊಂಡು ಹೋದ.

ಸೋಮವಾರ ಹತ್ತು ಗಂಟೆಗೆ ಪರಮೇಶಿ ಬಂದ. ಜೊತೆಯಲ್ಲಿ ಸಾಕ್ಷಿಗೆ ಎದುರು ಮನೆಯ ಟೈಲರ್ ಬಸಪ್ಪಯ್ಯನವರು ಮತ್ತು ಹಾಲಿನ ಡಿಪೋದ ಜಯಲಕ್ಷಮ್ಮ. ನಾನು ಅಕ್ಕಿ ಮೂಟೆಯ ಮೇಲೆ ಕೂತಿದ್ದೆ, ಎದ್ದು ಹೋಗು ಎಂದು ಅವನು ಹೇಳಲಿಲ್ಲ. ಈ ಕೋಣೆಯನ್ನು ನನಗೆ ಬಿಟ್ಟುಕೊಡುತ್ತೀರಾ ಅತ್ತಿಗೆ ಎಂದು ಕೇಳಿದ. ಅಕ್ಕ ಎರಡನೇ ಸಲ ಕೇಳುವವರೆಗೂ ಕಾಯಲಿಲ್ಲ. ಚಕ್ರವನ್ನು ಹದಿನೇಳಕ್ಕೆ ಇಟ್ಟುಕೊಂಡೇ ನಿಂತಿದ್ದಳು. “ಆಗಲ್ಲ,” ಎಂದಿತು ಪೆಟ್ಟಿಗೆ. ಬಸಪ್ಪಯ್ಯನವರು ಕೇಳಿಸಿತು ಎಂದರು.

ನಾನು ಮುಗಿಯಿತು ಎಂದುಕೊಂಡು ಮೂಟೆಯಿಂದ ಇಳಿದೆ. ಆ ಮನುಷ್ಯನಿಗೆ ನಾಚಿಕೆ ಎಂಬುದಿದ್ದರೆ ತಾನೆ? ಸರಿ, ಮನೆ ನಿಮ್ಮದಲ್ಲವಲ್ಲ, ಯಜಮಾನಿಯನ್ನೇ ಕೇಳುತ್ತೇನೆ ಎಂದು ಹೇಳಿ, ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ತಾಯಿಯ ಕಡೆ ತಿರುಗಿದ. “ಅಮ್ಮ, ಕೋಣೆ ನನಗೆ ಕೊಡ್ತೀಯಾ?” ಎಂದ. ಅಜ್ಜಿ ತಲೆ ಅಲ್ಲಾಡಿಸಿದರು. ಅವನು ಅದನ್ನು ನೋಡಿಯೇ ಎರಡನೇ ಸಲ ಕೇಳಿದ. ಅವರ ಐವತ್ತು ಮಾತು ನಮಗೆಲ್ಲ ಬಾಯಿಪಾಠ, ಅದರಲ್ಲಿ ಆಯ್ತು ಇತ್ತು, ಬಂದೆ ಇತ್ತು, ಊಟಕ್ಕೆ ಏಳಿ ಇತ್ತು, ಆಗಲ್ಲ ಮಾತ್ರ ಇರಲಿಲ್ಲ. ಜಯಲಕ್ಷಮ್ಮ ಮುಖ ಆಚೆ ತಿರುಗಿಸಿಕೊಂಡರು. ನನಗೆ ಅವನ ಕತ್ತು ಹಿಡಿಯಬೇಕು ಎನಿಸಿತು.

ಅವನು ಮೂರನೇ ಸಲಕ್ಕೆ ಬಾಯಿ ತೆರೆಯುವ ಮೊದಲೇ ನಂಜಜ್ಜಿ ಸ್ಟೂಲಿನಿಂದ ಎದ್ದರು. ಕೈ ಚಾಚಿ ಸೊಸೆಯ ಕೊರಳಿನ ಪೆಟ್ಟಿಗೆಯನ್ನು ಹಿಡಿದುಕೊಂಡರು. ಚಕ್ರವನ್ನು ಹದಿನೇಳರಿಂದ ಒಂದೇ ಒಂದು ಹಲ್ಲು ಮುಂದಕ್ಕೆ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿದರು.

“ನಮ್ಮತ್ತೆಗೂ ಆಗಲ್ಲ,” ಎಂದಿತು ರುದ್ರಾಣಕ್ಕನ ದನಿ. ಎರಡು ಬೀದಿ ಆಚೆ ಕೇಳಿಸುವ ಹಾಗಿತ್ತು.

ಬಸಪ್ಪಯ್ಯನವರು ಕೇಳಿಸಿತು ಎಂದರು. ಜಯಲಕ್ಷಮ್ಮನೂ ಕೇಳಿಸಿತು ಎಂದರು. ಪರಮೇಶಿ ಮೂರನೇ ಸಲ ಕೇಳಲಿಲ್ಲ. ಆದರೂ ಅಜ್ಜಿ ಅವನ ಮುಖವನ್ನೇ ನೋಡುತ್ತಾ ಇನ್ನೊಂದು ಸಲ ಒತ್ತಿದರು.